ಅಡಿಕೆ ಬಿದ್ದಾಗಲೇ ‘ಟಪ್’ ಅನ್ನಬೇಕು: ಮನೆಯಲ್ಲಿ ಮಾಡಿದ ಅನಿಮೇಷನ್‌ಗೆ ಸದ್ದು ಕೂರಿಸುವ ಮೂರು ದಾರಿ

ಕಳೆದ ಮಳೆಗಾಲದಲ್ಲಿ ಶಾಲೆಗೆ ನಾಲ್ಕು ದಿನ ಮಳೆ ರಜೆ ಸಿಕ್ಕಿತು. ಅಕ್ಕನ ಮಗಳು ಆಗ ನಮ್ಮ ಮನೆಯಲ್ಲೇ ಇದ್ದಳು. ಶಿರಸಿಯ ಮಳೆ ಗೊತ್ತಲ್ಲ, ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಸುಮ್ನೆ ಕೂರುವ ಬದಲು ಇಬ್ಬರೂ ಕಾಗದದ ಗೊಂಬೆ ಕತ್ತರಿಸಿ, ಜಗುಲಿಯಲ್ಲಿ ಸ್ಟೂಲಿಗೆ ಮೊಬೈಲ್ ಕಟ್ಟಿ, ಒಂದು ಪುಟ್ಟ ಅನಿಮೇಷನ್ ಮಾಡಿದೆವು. ಸೆಕೆಂಡಿಗೆ 12 ಫೋಟೊ, ಒಟ್ಟು 40 ಸೆಕೆಂಡ್, ಅಂದರೆ 480 ಫೋಟೊ.

ಕಥೆ ಇಷ್ಟೇ. ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡ ಅಜ್ಜ ತೋಟದಲ್ಲಿ ಮರಕ್ಕೆ ಒರಗಿ ನಿದ್ದೆ ಹೊಡೆಯುತ್ತಿದ್ದಾನೆ. ಮೇಲಿಂದ ಒಂದು ಅಡಿಕೆ ಟೊಪ್ಪಿಯ ಮೇಲೆ ಬೀಳುತ್ತದೆ. ಅಜ್ಜ ಎದ್ದು, ಒಣಗಿದ ಸೋಗೆಯ ಮೇಲೆ ನಡೆದು, ಏನೂ ಮಾಡದ ನಾಯಿಯನ್ನು ಬೈದು ಮತ್ತೆ ಮಲಗುತ್ತಾನೆ. ಎರಡನೇ ಅಡಿಕೆ ಬಿದ್ದಾಗ ಮರದ ಮೇಲೆ ಮಂಗ ಕಾಣುತ್ತದೆ. ಅಲ್ಲಿಂದ ಓಡಾಟ, ಹಿಂದೆ ಚಂಡೆ.

ಚಿತ್ರ ಮೂರೇ ದಿನದಲ್ಲಿ ಮುಗಿಯಿತು. ಸದ್ದು ಕೂರಿಸಲು ಎರಡು ವಾರ ಹಿಡಿಯಿತು. ಅಷ್ಟು ಮಾಡಿಯೂ ಟಿವಿಗೆ ಕೇಬಲ್ ಚುಚ್ಚಿ ಮನೆಯವರಿಗೆಲ್ಲ ತೋರಿಸಿದಾಗ, ಮೊದಲ ಅಡಿಕೆಗೇ ಅವಳು ತಲೆ ಮೇಲೆ ಕೈಯಿಟ್ಟುಕೊಂಡಳು. “ಮಾವಾ, ಅಡಿಕೆ ಬಿದ್ದೇ ಇಲ್ಲೆ, ಶಬ್ದ ಬಂದೋತಲಾ!”

ತಪ್ಪು ನನ್ನದೇ. ಅದೇನು ಅಂತ ಆಮೇಲೆ ಹೇಳುತ್ತೇನೆ. ಆ ಎರಡು ವಾರದಲ್ಲಿ ಮೂರು ರೀತಿಯಲ್ಲಿ ಸದ್ದು ಕೂರಿಸಿ ನೋಡಿದೆವು: ಚಿತ್ರ ಮುಗಿಸಿ ಸದ್ದು ಹಾಕುವುದು, ಸದ್ದು ಇಟ್ಟುಕೊಂಡು ಚಿತ್ರ ಮಾಡುವುದು, ಚಿತ್ರ ನೋಡುತ್ತಾ ಕೈಯಾರೆ ಸದ್ದು ಮಾಡುವುದು. ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರವಿಲ್ಲ. ಯಾವ ಸದ್ದಿಗೆ ಯಾವುದು ಅಂತ ಕೇಳಿದರೆ ಇದೆ.

ಮೊದಲು ಕಣ್ಣು, ಆಮೇಲೆ ಕಿವಿ

ಗದ್ದೆಯ ಆಚೆ ಬದಿಯಲ್ಲಿ ಯಾರೋ ಕಟ್ಟಿಗೆ ಒಡೆಯುವುದನ್ನು ನೋಡಿದ್ದೀರಾ? ಕೊಡಲಿ ಇಳಿದದ್ದು ಮೊದಲು ಕಾಣುತ್ತದೆ, ‘ಠಕ್’ ಆಮೇಲೆ ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 34 ಮೀಟರ್ ಆಚೆ ನಿಂತರೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಹುಟ್ಟಿದಾಗಿಂದ ನಮಗೆ ಇದು ಅಭ್ಯಾಸ. ಹಾಗಾಗಿ ಸದ್ದು ಚೂರು ಹಿಂದೆ ಬಿದ್ದರೆ ಮನಸ್ಸು ಕಿರಿಕಿರಿ ಮಾಡಿಕೊಳ್ಳುವುದಿಲ್ಲ. ಸದ್ದು ಮುಂದೆ ಬಂದರೆ ಮಾತ್ರ ಚುಚ್ಚುತ್ತದೆ. ಕೊಡಲಿ ಇಳಿಯುವ ಮೊದಲೇ ಕಟ್ಟಿಗೆ ಒಡೆದ ಸದ್ದನ್ನು ಯಾರೂ ಕೇಳಿಲ್ಲ.

ಟಿವಿ ಪ್ರಸಾರಕ್ಕಾಗಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. ಸದ್ದು ಸುಮಾರು 45 ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದಲ್ಲಿ 45 ಭಾಗ) ಮುಂಚೆ ಬಂದರೆ ನೋಡುವವರಿಗೆ ಗೊತ್ತಾಗಲು ಶುರುವಾಗುತ್ತದೆ. ತಡವಾದರೆ ಸುಮಾರು 125 ಮಿಲಿಸೆಕೆಂಡ್ ತನಕ ಗೊತ್ತಾಗುವುದಿಲ್ಲ. ಈಗ ನಮ್ಮ ಕಾಗದದ ಗೊಂಬೆಗೆ ಬನ್ನಿ. ಒಂದೊಂದು ಫೋಟೊವೂ ಒಂದು ಫ್ರೇಮ್. ಸೆಕೆಂಡಿಗೆ 12 ಫ್ರೇಮ್ ಅಂದರೆ ಒಂದು ಫ್ರೇಮಿಗೆ 83 ಮಿಲಿಸೆಕೆಂಡ್. ಅಲ್ಲಿಗೆ ಸದ್ದು ಒಂದು ಫ್ರೇಮ್ ತಡವಾದರೆ ಪಾರು, ಒಂದು ಫ್ರೇಮ್ ಮುಂಚೆ ಬಂದರೆ ಸಿಕ್ಕಿಬಿದ್ದಿರಿ. ಮುಂದೆ ಯಾವ ದಾರಿ ಹಿಡಿದರೂ ಅನುಮಾನ ಬಂದಾಗ ಸದ್ದನ್ನು ಹಿಂದಕ್ಕೆ, ಅಂದರೆ ತಡವಾಗುವ ಕಡೆಗೆ ತಳ್ಳಿ, ಮುಂದಕ್ಕಲ್ಲ.

ಒಂದೇ ಏಟಿನ ಸದ್ದಿಗೆ: ಚಿತ್ರ ಮೊದಲು

ಬೀಳುವುದು, ಬಡಿಯುವುದು, ಬಾಗಿಲು ಹಾಕುವುದು, ತೆಂಗಿನಕಾಯಿ ಒಡೆಯುವುದು. ಇವಕ್ಕೆಲ್ಲ ಒಂದೇ ಒಂದು ಕ್ಷಣ ಇರುತ್ತದೆ. ಇಂಥವಕ್ಕೆ ಚಿತ್ರವನ್ನು ಪೂರ್ತಿ ಮುಗಿಸಿ ಆಮೇಲೆ ಸದ್ದು ಕೂರಿಸುವುದೇ ಸಲೀಸು. ಮನೆಯಲ್ಲಿ ಮಾಡುವ ಅನಿಮೇಷನ್‌ನಲ್ಲಿ ಮುಕ್ಕಾಲು ಪಾಲು ಸದ್ದು ಈ ಜಾತಿಯದ್ದೇ.

ನಮ್ಮ ಮೊದಲ ಅಡಿಕೆಯನ್ನೇ ತೆಗೆದುಕೊಳ್ಳಿ. ಅದು ಟೊಪ್ಪಿಗೆ ತಾಗುವುದು 31ನೇ ಫೋಟೊದಲ್ಲಿ. ನಾನು 31ನ್ನು 12ರಿಂದ ಭಾಗಿಸಿ 2.58 ಸೆಕೆಂಡ್ ಅಂತ ಬರೆದುಕೊಂಡೆ. ತಪ್ಪು. ಮೊದಲ ಫೋಟೊ ಶುರುವಾಗುವುದು ಸೊನ್ನೆಯಲ್ಲಿ. ಹಾಗಾಗಿ 31ನೆಯದು ತೆರೆಗೆ ಬರುವ ಹೊತ್ತಿಗೆ ಕಳೆದಿರುವುದು 30 ಫೋಟೊ. 30ನ್ನು 12ರಿಂದ ಭಾಗಿಸಿದರೆ ಸರಿಯಾಗಿ 2.5 ಸೆಕೆಂಡ್. ಒಂದು ಕಳೆದು ಭಾಗಿಸಿ, ಅಷ್ಟೇ ಸೂತ್ರ.

ಆದರೂ ಸದ್ದು ಕೂರಲಿಲ್ಲ. ಸದ್ದು ಕತ್ತರಿಸುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಸದ್ದಿನ ಫೈಲನ್ನು ದೊಡ್ಡದು ಮಾಡಿ ನೋಡಿದೆ. ಮೊದಲಿಗೆ ಚಪ್ಪಟೆ ಗೆರೆ, ಎರಡು ಬೆರಳು ಅಗಲ. ಆಮೇಲೆ ನಿಂಬೆಗಿಡದ ಮುಳ್ಳಿನ ಹಾಗೆ ನೆಟ್ಟಗೆ ಎದ್ದ ಗೆರೆ. ಆ ಚಪ್ಪಟೆ ಗೆರೆ ಏನೆಂದರೆ, ರೆಕಾರ್ಡ್ ಒತ್ತಿ ಅಡಿಕೆ ಬಿಡುವ ತನಕದ ನನ್ನ ಉಸಿರು. 0.2 ಸೆಕೆಂಡ್‌ಗೂ ಸ್ವಲ್ಪ ಜಾಸ್ತಿ. ನಾವು ಫೈಲಿನ ತಲೆಯನ್ನು 2.5ಕ್ಕೆ ಇಟ್ಟಿದ್ದೆವು. ಇಡಬೇಕಾದದ್ದು ಆ ಮುಳ್ಳನ್ನು. ಮುಳ್ಳಿನ ಬುಡದ ತನಕ ಕತ್ತರಿಸಿ ಇಟ್ಟ ಮೇಲೆ ಅಡಿಕೆಗೂ ಸದ್ದಿಗೂ ಗಂಟು ಬಿತ್ತು.

ಎರಡನೇ ಅಡಿಕೆಯ ಕಥೆ ಬೇರೆ. ಅಲ್ಲಿ ಲೆಕ್ಕ ಸರಿ, ಫೈಲ್ ಸರಿ, ಆದರೂ ಏನೋ ಜಾರುತ್ತಿತ್ತು. ಹಿಂದೆ ಮುಂದೆ ಎಳೆದೂ ಎಳೆದೂ ಸಾಕಾಯಿತು. ಕೊನೆಗೆ ಫೋಟೊಗಳನ್ನು ಒಂದೊಂದಾಗಿ ನೋಡಿದರೆ, ಒಂದರಲ್ಲಿ ಅಡಿಕೆ ಟೊಪ್ಪಿಯ ಮೇಲೆ ಗಾಳಿಯಲ್ಲಿದೆ, ಮುಂದಿನದರಲ್ಲಿ ಆಗಲೇ ಪುಟಿದು ಪಕ್ಕಕ್ಕೆ ಹೋಗಿದೆ. ಟೊಪ್ಪಿಗೆ ತಾಗಿದ ಫೋಟೊ ಇಲ್ಲವೇ ಇಲ್ಲ! ಇಲ್ಲದ ಕ್ಷಣಕ್ಕೆ ಸದ್ದು ಎಲ್ಲಿ ಕೂರಿಸುವುದು? ಟೊಪ್ಪಿ ಚೂರು ತಗ್ಗಿದ, ಅಡಿಕೆ ಅದಕ್ಕೆ ಅಂಟಿದ ಒಂದು ಫೋಟೊ ಹೊಸದಾಗಿ ತೆಗೆದು ನಡುವೆ ಸೇರಿಸಿದೆವು. ಒಂದೇ ಏಟಿಗೆ ಸರಿಹೋಯಿತು. ಸದ್ದು ಹೊಂದುತ್ತಿಲ್ಲ ಅನಿಸಿದಾಗ ಅರ್ಧ ಸಲ ಕೊರತೆ ಇರುವುದು ಚಿತ್ರದಲ್ಲಿ. ತಾಗಿದ ಫ್ರೇಮ್ ಇರಲಿ, ಅದರಲ್ಲಿ ಏನಾದರೂ ತಗ್ಗಲಿ, ಅಥವಾ ಬಾಗಲಿ. ಸಾಧ್ಯವಾದರೆ ಆ ಫ್ರೇಮನ್ನು ಎರಡು ಸಲ ಇಡಿ.

ಈ ದಾರಿಯ ಕೆಟ್ಟ ಗುಣವೂ ಅಲ್ಲೇ ಗೊತ್ತಾಯಿತು. ನಡುವೆ ಒಂದು ಫೋಟೊ ಸೇರಿಸಿದ್ದರಿಂದ ಅದರ ಮುಂದಿನ ಚಿತ್ರವೆಲ್ಲ ಒಂದು ಫ್ರೇಮ್ ಹಿಂದೆ ಹೋಯಿತು. ಸದ್ದುಗಳು ಮಾತ್ರ ಇದ್ದಲ್ಲೇ ಉಳಿದವು. ಅಂದರೆ ಎಲ್ಲವೂ 83 ಮಿಲಿಸೆಕೆಂಡ್ ಮುಂಚೆ, ಸಿಕ್ಕಿಬೀಳುವ ದಿಕ್ಕಿಗೇ. ಹಾಗಾಗಿ ಚಿತ್ರಕ್ಕೆ ಇನ್ನು ಕೈ ಹಾಕುವುದಿಲ್ಲ ಅಂತ ಇಬ್ಬರೂ ಒಪ್ಪಿದ ಮೇಲೇ ಸದ್ದು ಶುರುಮಾಡಿ. ಎಂಟನೇ ಕ್ಲಾಸಿನ ಹುಡುಗಿಯನ್ನು ಒಪ್ಪಿಸುವುದು ಸುಲಭ ಅಂತ ನಾನು ಹೇಳುತ್ತಿಲ್ಲ.

ತಾಳ ಇದ್ದರೆ, ಮಾತು ಇದ್ದರೆ: ಸದ್ದು ಮೊದಲು

ಹಾಡು, ಚಂಡೆ, ಎಣಿಕೆ, ಮಾತು. ಇವಕ್ಕೆ ತಮ್ಮದೇ ನಡಿಗೆ ಇದೆ. ಮಾಡಿ ಮುಗಿದ ಚಿತ್ರಕ್ಕೆ ಇವನ್ನು ಹೊಂದಿಸಲು ಹೋದರೆ ಎಳೆದು, ಕುಗ್ಗಿಸಿ, ಸದ್ದೇ ಹಾಳಾಗುತ್ತದೆ. ಇಲ್ಲಿ ಸದ್ದನ್ನು ಮೊದಲು ಇಟ್ಟುಕೊಂಡು ಅದರ ಏಟುಗಳನ್ನು ಫ್ರೇಮ್ ಲೆಕ್ಕದಲ್ಲಿ ಬರೆದು, ಆ ಪಟ್ಟಿ ನೋಡಿಕೊಂಡು ಗೊಂಬೆ ಸರಿಸಬೇಕು. ಉಪಾಯ ಹಳೆಯದು. 1928ರಲ್ಲಿ ವಾಲ್ಟ್ ಡಿಸ್ನಿಯವರ ತಂಡ ಮಿಕ್ಕಿ ಮೌಸ್‌ಗೆ ಸದ್ದು ಸೇರಿಸಿದಾಗ, ಸಂಗೀತದ ಒಂದು ಏಟಿಗೆ ಎಷ್ಟು ಫ್ರೇಮ್ ಅಂತ ಮೊದಲೇ ಲೆಕ್ಕ ಕಟ್ಟಿಕೊಂಡೇ ಚಿತ್ರ ಬರೆದಿತ್ತು. ವಾದ್ಯದವರಿಗೆ ತಾಳ ತಪ್ಪದಿರಲಿ ಅಂತ ಫಿಲ್ಮಿನ ಮೇಲೆಯೇ ಕುಪ್ಪಳಿಸುವ ಚೆಂಡಿನ ಗುರುತನ್ನೂ ಹಾಕಿದ್ದರು.

ಮೆಟ್ರೊನೋಮ್ (ಸಮನಾಗಿ ತಾಳ ಹಾಕುವ ಯಂತ್ರ) ಇಟ್ಟು ನುಡಿಸಿದ ಸಂಗೀತವಾದರೆ ಲೆಕ್ಕ ಸುಲಭ. ಸೆಕೆಂಡಿಗೆ 12ರಂತೆ ನಿಮಿಷಕ್ಕೆ 720 ಫ್ರೇಮ್, ಅದನ್ನು ನಿಮಿಷದ ಏಟುಗಳಿಂದ ಭಾಗಿಸಿ. ನಿಮಿಷಕ್ಕೆ 60 ಏಟಾದರೆ ಒಂದು ಏಟಿಗೆ 12 ಫ್ರೇಮ್, 72ಕ್ಕೆ 10, 80ಕ್ಕೆ 9, 90ಕ್ಕೆ 8, 120ಕ್ಕೆ 6, 144ಕ್ಕೆ 5. ಇವೆಲ್ಲ ಸಲೀಸು. 100 ಏಟಿನ ಹಾಡು ಮಾತ್ರ ಕೈಕೊಡುತ್ತದೆ, 7.2 ಬರುತ್ತದೆ. ಸುಮ್ನೆ 7 ಅಂತ ಹಿಡಿದು ಹೊರಟರೆ ಹತ್ತು ಏಟಿಗೆ ಎರಡು ಫ್ರೇಮ್ ತಪ್ಪಿರುತ್ತದೆ. 7, 7, 7, 7, 8 ಅಂತ ಐದೈದು ಏಟಿಗೊಮ್ಮೆ ಒಂದು ಫ್ರೇಮ್ ಜಾಸ್ತಿ ಕೊಡಿ. ಅಥವಾ ನುಡಿಸುವವರು ಮನೆಯವರೇ ಆದರೆ 90ಕ್ಕೋ 120ಕ್ಕೋ ನುಡಿಸಿ ಅನ್ನಿ.

ಚಂಡೆಗೆ ಈ ಸೂತ್ರ ನಡೆಯುವುದಿಲ್ಲ. ಯಕ್ಷಗಾನದ ಚಂಡೆ ಗಡಿಯಾರ ನೋಡಿ ಬಾರಿಸುವಂಥದ್ದಲ್ಲ. ಏರುತ್ತದೆ, ತಡೆಯುತ್ತದೆ, ಬಿಡ್ತಿಗೆ ಅನ್ನುವ ಮುಕ್ತಾಯದ ಏಟುಗಳು ಬಂದಾಗ ಎಲ್ಲವನ್ನೂ ಒಟ್ಟುಮಾಡಿ ನಿಲ್ಲುತ್ತದೆ. ನಮ್ಮ ಪರಿಚಯದ ಚಂಡೆಯವರೊಬ್ಬರನ್ನು ಕೇಳಿದೆವು, ಒಂದು ಒಂಬತ್ತು ಸೆಕೆಂಡ್ ಬಾರಿಸಿಕೊಡಿ ಅಂತ. ಅವರು ಕೋಲು ಹಿಡಿದು ಕೂತವರು ಬಾರಿಸಲೇ ಇಲ್ಲ. “ಕುಣಿಯೋರು ಯಾರು? ಕಾಲು ಕಾಣದೇ ಎಂತಾ ಬಾರ್ಸದು?” ಅಂದರು. ಅವರ ಮಾತೂ ಸರಿ. ರಂಗಸ್ಥಳದಲ್ಲಿ ಹಿಮ್ಮೇಳದ ಕಣ್ಣು ಯಾವತ್ತೂ ಮುಮ್ಮೇಳದ ಕಾಲ ಮೇಲೆ. ಕೊನೆಗೆ ಅಕ್ಕನ ಮಗಳೇ ಮಂಗನ ಹಾಗೆ ಜಗುಲಿ ತುಂಬ ಕುಣಿದಳು, ಅವರು ಬಾರಿಸಿದರು, ನಾನು ರೆಕಾರ್ಡ್ ಮಾಡಿದೆ.

ಆ ರೆಕಾರ್ಡನ್ನು ಆಡಾಸಿಟಿಯಲ್ಲಿ ಓಡಿಸಿ, ದೊಡ್ಡ ಏಟು ಬಿದ್ದಾಗಲೆಲ್ಲ ಕಂಟ್ರೋಲ್ ಮತ್ತು ಎಂ ಒತ್ತಿದೆ. ಓಡುತ್ತಿರುವಾಗಲೇ ಅಲ್ಲಲ್ಲಿ ಗುರುತು ಬೀಳುತ್ತದೆ. ಆಮೇಲೆ ಒಂದೊಂದು ಗುರುತನ್ನೂ ಎಳೆದು ಏಟಿನ ಮುಳ್ಳಿಗೆ ಕೂರಿಸಿದೆ, ಯಾಕೆಂದರೆ ಕೈ ಯಾವಾಗಲೂ ಕಿವಿಗಿಂತ ಹಿಂದೆ. ಆಡಾಸಿಟಿ ಸಮಯವನ್ನು 24 ಫ್ರೇಮಿನ ಲೆಕ್ಕದಲ್ಲಿ ತೋರಿಸುತ್ತದೆ, 12ರಲ್ಲಿ ಇಲ್ಲ. ಹಾಗಾಗಿ ಬಂದ ಫ್ರೇಮ್ ಸಂಖ್ಯೆಯನ್ನು ಅರ್ಧ ಮಾಡಿ, ಅದು ಸೊನ್ನೆಯಿಂದ ಎಣಿಸುವುದರಿಂದ ಒಂದು ಕೂಡಿಸಿಕೊಂಡರೆ ಆಯಿತು. ಆ ಸಂಖ್ಯೆಗಳನ್ನು ನೋಟ್‌ಬುಕ್ಕಿನ ಗೆರೆಗಳ ಮೇಲೆ ಒಂದರ ಕೆಳಗೊಂದು ಬರೆದೆವು. ಒಂದು ಗೆರೆಗೆ ಒಂದು ಫ್ರೇಮ್. ಏಟು ಬಿದ್ದ ಗೆರೆಯಲ್ಲಿ ಕೆಂಪು ಚುಕ್ಕೆ, ಅಲ್ಲಿ ಮಂಗನ ಕಾಲು ನೆಲಕ್ಕೆ. ಸ್ಟುಡಿಯೋಗಳಲ್ಲಿ ಇದಕ್ಕೆ ಡೋಪ್ ಶೀಟ್ ಅಂತಾರೆ. ನಮ್ಮದು ಗಣಿತದ ನೋಟ್‌ಬುಕ್ಕಿನ ಕೊನೆಯ ಐದು ಪುಟ.

ಕಾರವಾರ, ಅಂಕೋಲಾ ಕಡೆಯವರು ರಂಪಣಿ ಬಲೆ ಎಳೆಯುವ ದೃಶ್ಯ ಮಾಡುವುದಾದರೂ ಇದೇ ದಾರಿ ಹಿಡಿಯಿರಿ. ಸಾಲಾಗಿ ನಿಂತವರೆಲ್ಲ ಒಂದೇ ಕೂಗಿಗೆ ಎಳೆಯಬೇಕು. ಕೂಗು ಮೊದಲು, ಕೈ ಆಮೇಲೆ.

ಮಾತಿನ ಬಗ್ಗೆ ಒಂದೇ ಸಂಗತಿ. ಬಾಯಿಯ ಆಕಾರ ಹತ್ತಾರು ಬೇಡ, ನಾಲ್ಕು ಸಾಕು. ಆದರೆ ಪ, ಬ, ಮ ಬಂದಾಗ ತುಟಿ ಸೇರಿರಲೇಬೇಕು. ‘ಮಂಗ’ ಅನ್ನುವಾಗ ಅಜ್ಜನ ಬಾಯಿ ತೆರೆದೇ ಇದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಡಬ್ಬಿಂಗ್ ಸಿನಿಮಾದ ಹಾಗೆ ಕಾಣುತ್ತದೆ.

ನಡಿಗೆ, ಸರಪರ, ಗೊರಕೆ: ನೋಡುತ್ತಾ ಮಾಡಿ

ಅಜ್ಜ ಸೋಗೆಯ ಮೇಲೆ 14 ಹೆಜ್ಜೆ ನಡೆಯುತ್ತಾನೆ. ಒಂದೊಂದು ಹೆಜ್ಜೆಗೂ ಲೆಕ್ಕ ಹಾಕಿ ಸದ್ದು ಅಂಟಿಸಿದೆ. ಸರಿಯಾಗಿಯೇ ಕೂತಿತು, ಆದರೆ ಅಜ್ಜನ ಬದಲು ಹೊಲಿಗೆ ಮಿಷನ್ ನಡೆದ ಹಾಗಿತ್ತು. ಎಲ್ಲ ಹೆಜ್ಜೆಗೂ ಒಂದೇ ಸದ್ದು, ಒಂದೇ ಜೋರು. ಅಳಿಸಿಹಾಕಿ, ಟಿವಿಯಲ್ಲಿ ಚಿತ್ರ ಓಡಿಸಿ, ಅವಳು ಕೈಯಲ್ಲಿ ಒಣ ಸೋಗೆ ಹಿಡಿದು ಹೆಜ್ಜೆ ಬಿದ್ದ ಹಾಗೆಲ್ಲ ಹಿಚುಕಿದಳು. ನಾಲ್ಕನೇ ಸಲಕ್ಕೆ ಅಜ್ಜನಿಗೆ ಮಂಡಿ ನೋವು ಕೂಡ ಬಂದಿತ್ತು. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಜ್ಯಾಕ್ ಫೋಲಿ ಹೀಗೆ ತೆರೆ ನೋಡುತ್ತಾ ಸದ್ದು ಮಾಡುತ್ತಿದ್ದರು. ಅವರ ಹೆಸರಿನಿಂದಲೇ ಈ ಕೆಲಸಕ್ಕೆ ಇವತ್ತಿಗೂ ಫೋಲಿ ಅಂತಾರೆ.

ಇದರಲ್ಲಿ ಒಂದು ಉಪಾಯ ತಿಳಿದಿರಲಿ. ಚಿತ್ರ ಶುರುವಾಗುವ ಸರಿಯಾಗಿ 2 ಸೆಕೆಂಡ್ ಮೊದಲು ಒಂದು ಚಿಕ್ಕ ‘ಬೀಪ್’ ಸೇರಿಸಿ. ಸ್ಪೀಕರಿನಿಂದ ಬಂದ ಆ ಬೀಪ್ ನಿಮ್ಮ ರೆಕಾರ್ಡಿಂಗಿನಲ್ಲೂ ಕೇಳುತ್ತದೆ. ಆಮೇಲೆ ಎರಡು ಬೀಪನ್ನೂ ಒಂದರ ಮೇಲೊಂದು ಇಟ್ಟರೆ ಹೆಜ್ಜೆಗಳೆಲ್ಲ ತಾವಾಗಿಯೇ ಹತ್ತಿರ ಬರುತ್ತವೆ. ಇನ್ನೂ ತಡ ಅನಿಸಿದರೆ ಇಡೀ ರೆಕಾರ್ಡನ್ನು ಒಟ್ಟಿಗೆ ಚೂರು ಮುಂದೆ ಸರಿಸಿ. ಹೆಜ್ಜೆಹೆಜ್ಜೆಗೂ ಕೈ ಹಾಕಬೇಡಿ, ಜೀವ ಹೋಗುತ್ತದೆ.

ಸದ್ದು ಎಲ್ಲಿಂದ ತರುವುದು? ಇಲ್ಲಿ ನಿಜ ವಸ್ತುವಿನ ಮೇಲೆ ಭರವಸೆ ಇಡಬೇಡಿ. ನಿಜವಾದ ಹಾಳೆ ಟೊಪ್ಪಿಯ ಮೇಲೆ ನಿಜವಾದ ಅಡಿಕೆ ಬಿಟ್ಟರೆ ‘ದಬ್’ ಅಂತ ಸತ್ತ ಸದ್ದು. ಸುಲಿದ ಒಣ ಅಡಿಕೆಯನ್ನು ಬೋರಲು ಹಾಕಿದ ಕರಟದ ಮೇಲೆ ಬಿಟ್ಟಾಗ ‘ಟಪ್’ ಸಿಕ್ಕಿತು. ಎರಡು ಕರಟ ಕುದುರೆಯ ಗೊರಸಿಗೆ, ಅದು ಜಗತ್ತಿಗೇ ಗೊತ್ತು. ಮೊರದಲ್ಲಿ ಅಕ್ಕಿಯನ್ನು ನಿಧಾನ ಓಲಾಡಿಸಿದರೆ ಕಡಲಿನ ತೆರೆ. ಕೊಡೆಯನ್ನು ಪಟಪಟ ಬಿಚ್ಚಿ ಮುಚ್ಚಿದರೆ ದೊಡ್ಡ ಹಕ್ಕಿಯ ರೆಕ್ಕೆ. ಬಿಸ್ಕೆಟ್ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಹಿಸುಕಿದರೆ ಬೆಂಕಿ. ನಿಮಗೆ ನಿಜವಾದ ಬೋಟಿನ ಎಂಜಿನ್ ಸದ್ದೇ ಬೇಕು ಅಂದರೆ ಕಾಲ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಸುಮ್ಮನೆ ನಿಂತಿರುತ್ತವೆ. ಘಟ್ಟದ ಮೇಲೆ ನಮಗೆ ಅದೇ ತಿಂಗಳಲ್ಲಿ ಇನ್ನೊಂದು ಕಷ್ಟ, ಹಂಚಿನ ಮೇಲೆ ಬೀಳುವ ಮಳೆ ಎಲ್ಲ ರೆಕಾರ್ಡಿಂಗಿನಲ್ಲೂ ಇಣುಕುತ್ತದೆ. ಹಾಸಿಗೆಯನ್ನು ಗೋಡೆಗೆ ಒರಗಿಸಿ, ಅದರ ಹಿಂದೆ ಕಂಬಳಿ ಹೊದ್ದು ಕೂತು ರೆಕಾರ್ಡ್ ಮಾಡಿದೆವು.

ಇಂಟರ್ನೆಟ್ಟಿನಿಂದ ಇಳಿಸುವುದಾದರೆ ಫ್ರೀಸೌಂಡ್ ಅನ್ನುವ ಸದ್ದುಗಳ ತಾಣ ಇದೆ. ಒಂದೊಂದು ಫೈಲಿಗೂ ಬೇರೆ ಬೇರೆ ಪರವಾನಗಿ. ಕೆಲವಕ್ಕೆ ಏನೂ ಷರತ್ತಿಲ್ಲ, ಕೆಲವಕ್ಕೆ ಮಾಡಿದವರ ಹೆಸರು ಹಾಕಬೇಕು, ಕೆಲವನ್ನು ದುಡ್ಡು ಮಾಡುವ ಕೆಲಸಕ್ಕೆ ಬಳಸುವಂತಿಲ್ಲ. ಓದಿ ಇಳಿಸಿ.

ಯಾವ ಸಾಫ್ಟ್‌ವೇರ್?

ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊಬೈಲಿನಲ್ಲಿ ಬೆರಳಿನಿಂದ ಚಿತ್ರ ಬರೆಯುವುದಾದರೆ ಫ್ಲಿಪಾಕ್ಲಿಪ್, ಗೊಂಬೆ ಸರಿಸಿ ಫೋಟೊ ತೆಗೆಯುವುದಾದರೆ ಸ್ಟಾಪ್ ಮೋಷನ್ ಸ್ಟುಡಿಯೋ. ಎರಡರಲ್ಲೂ ಅಲ್ಲೇ ಸದ್ದು ಸೇರಿಸಬಹುದು. ಐದಾರು ಏಟಿನ ಸದ್ದಿಗೆ ಇಷ್ಟು ಸಾಕು. ಚಂಡೆ, ಮಾತು ಬಂದರೆ ಮಾತ್ರ ಕಂಪ್ಯೂಟರ್ ಬೇಕು, ಬೆರಳ ತುದಿಯಲ್ಲಿ ಒಂದು ಫ್ರೇಮ್ ಸರಿಸುವುದು ಸೂಜಿಗೆ ದಾರ ಪೋಣಿಸಿದ ಹಾಗೆ. ಕಂಪ್ಯೂಟರಿನಲ್ಲಿ ಸದ್ದು ಕತ್ತರಿಸಲು ಆಡಾಸಿಟಿ, ಜೋಡಿಸಲು ಕೆಡೆನ್‌ಲೈವ್ ಅಥವಾ ಬ್ಲೆಂಡರ್. ಎಲ್ಲ ಉಚಿತ. ಚಿತ್ರವನ್ನೂ ಅಲ್ಲೇ ಬರೆಯುವುದಾದರೆ ಮಕ್ಕಳಿಗೆ ಪೆನ್ಸಿಲ್‌2ಡಿ ಸುಲಭ. ಓಪನ್‌ಟೂನ್ಜ್‌ನಲ್ಲಿ ನೋಟ್‌ಬುಕ್ಕಿನ ಹಾಗೆ ಮೇಲಿಂದ ಕೆಳಕ್ಕೆ ಇಳಿಯುವ ಶೀಟೇ ಇದೆ, ಸದ್ದಿನ ಗೆರೆಯೂ ಪಕ್ಕದಲ್ಲೇ ಕಾಣುತ್ತದೆ. ಆದರೆ ಕಲಿಯಲು ಒಂದು ವಾರ ಬೇಕು. ಬ್ಲೆಂಡರಿನಲ್ಲಿ ಚಿತ್ರ ಓಡಿಸುವಾಗ ಸದ್ದಿನ ಜೊತೆ ಓಡಲಿ ಅನ್ನುವ ಆಯ್ಕೆಯನ್ನು ಒತ್ತಿಟ್ಟುಕೊಳ್ಳಿ. ಇಲ್ಲದಿದ್ದರೆ ಹಳೆ ಕಂಪ್ಯೂಟರಿನಲ್ಲಿ ಚಿತ್ರ ತೆವಳುತ್ತದೆ, ನೀವು ಸರಿಯಿದ್ದ ಸದ್ದನ್ನು ಕೆಡಿಸುತ್ತೀರಿ.

ನಾನು ಎಡವಿದ ಕಲ್ಲುಗಳು

ಈಗ ಮೊದಲು ಹೇಳಿದ ನನ್ನ ತಪ್ಪಿಗೆ ಬರೋಣ. ರಾತ್ರಿ ಮನೆಯವರು ಮಲಗಿದ ಮೇಲೆ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಸದ್ದು ಹೊಂದಿಸಿದ್ದೆ. ಬ್ಲೂಟೂತಿನಲ್ಲಿ ಸದ್ದು ಕಿವಿಗೆ ಮುಟ್ಟಲು ಎಷ್ಟೋ ಸಲ 100ರಿಂದ 200 ಮಿಲಿಸೆಕೆಂಡ್, ಕೆಲವದರಲ್ಲಿ ಇನ್ನೂ ಜಾಸ್ತಿ ಹಿಡಿಯುತ್ತದೆ. ವಿಡಿಯೊ ನೋಡುವ ಆಪ್‌ಗಳು ಸಾಮಾನ್ಯವಾಗಿ ಚಿತ್ರವನ್ನೂ ಅಷ್ಟೇ ತಡೆಹಿಡಿದು ಸರಿದೂಗಿಸುತ್ತವೆ. ಎಡಿಟಿಂಗ್ ಆಪ್‌ನಲ್ಲಿ ಆ ಭರವಸೆ ಇಲ್ಲ. ನನ್ನ ಕಿವಿಗೆ ತಡ ಅನಿಸಿದ್ದಕ್ಕೆ ಎಲ್ಲ ಸದ್ದನ್ನೂ ಎರಡು ಫ್ರೇಮ್ ಮುಂದೆ ಎಳೆದೆ. ಕೇಬಲ್ ಹಾಕಿದ ಟಿವಿಯಲ್ಲಿ ಅದು ಬಯಲಾಯಿತು. ಸದ್ದು ಕೂರಿಸುವಾಗ ವೈರ್ ಇರುವ ಇಯರ್‌ಫೋನೇ ಹಾಕಿ, ನೂರು ರೂಪಾಯಿಯದಾದರೂ ಸರಿ.

ಗಿಫ್ ಮಾಡಿ ಇಟ್ಟುಕೊಂಡು ಅದಕ್ಕೆ ಸದ್ದು ಅಳೆಯಬೇಡಿ. ಗಿಫ್‌ನಲ್ಲಿ ಸದ್ದು ಇರುವುದಿಲ್ಲ ಅನ್ನುವುದು ಹಾಗಿರಲಿ, ಅದರ ಗಡಿಯಾರ ಓಡುವುದೇ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. 12 ಫ್ರೇಮಿಗೆ ಬೇಕಾದ 8.33 ಅಲ್ಲಿ ಸಿಗುವುದಿಲ್ಲ, 8 ಆಗುತ್ತದೆ. ಹತ್ತು ಸೆಕೆಂಡಿನ ಚಿತ್ರ 9.6 ಸೆಕೆಂಡಿಗೇ ಮುಗಿಯುತ್ತದೆ.

ಆಪ್‌ನಲ್ಲಿ ಫ್ರೇಮಿನ ವೇಗವನ್ನು ನಡುವೆ ಬದಲಿಸಬೇಡಿ. ಚಿತ್ರ ಉದ್ದವೋ ಗಿಡ್ಡವೋ ಆಗುತ್ತದೆ, ಸದ್ದು ಇದ್ದಷ್ಟೇ ಇರುತ್ತದೆ. ಚಿಕ್ಕ ಸದ್ದುಗಳನ್ನು ಎಂಪಿ3 ಬದಲು ವೇವ್ ಫೈಲಾಗಿ ಇಡಿ, ಎಂಪಿ3 ಮಾಡುವಾಗ ಫೈಲಿನ ತಲೆಗೆ ಚೂರು ಮೌನ ಸೇರಿಕೊಳ್ಳುತ್ತದೆ.

ಎಲ್ಲ ಸರಿಮಾಡಿ ಚಂಡೆಯವರಿಗೆ ತೋರಿಸಿದೆವು. ಅಡಿಕೆ ಬಿದ್ದದ್ದಕ್ಕೆ ನಕ್ಕರು, ಅಜ್ಜನ ನಡಿಗೆಗೆ ನಕ್ಕರು. ಚಂಡೆ ಶುರುವಾದ ಮೇಲೆ ನಗಲಿಲ್ಲ, ತೊಡೆಯ ಮೇಲೆ ಬೆರಳಾಡಿಸುತ್ತಾ ನೋಡಿದರು. ಮುಗಿದ ಮೇಲೆ ಅಂದದ್ದು ಒಂದೇ ಮಾತು: “ಮಂಗನ ಎಡಗಾಲು ಒಂದು ಕಡೆ ತಪ್ಪಿದ್ದು ನೋಡು.” ನೋಟ್‌ಬುಕ್ ತೆಗೆದು ನೋಡಿದೆ. ಕೆಂಪು ಚುಕ್ಕೆ ಇದ್ದದ್ದು 431ನೇ ಗೆರೆಯಲ್ಲಿ, ಕಾಲು ನೆಲ ಮುಟ್ಟಿದ್ದು 433ರಲ್ಲಿ.